ಸೋಸಿದ ಮೇಲೆ ಉಳಿದ ಸದ್ದು

ಶ್ರಾವಣದ ಮಳೆ ಬನಹಟ್ಟಿಗೆ ಬರುವುದೇ ಅಪರೂಪ. ಬಂತೆಂದರೆ ಮಾತ್ರ ಬೀಗರ ಹಾಗೆ ಠಿಕಾಣಿ ಹೂಡಿಬಿಡುತ್ತದೆ. ಆ ದಿನ ಮಧ್ಯಾಹ್ನ ಹಿಡಿದದ್ದು ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಆದರೆ ಮುರಗೆಪ್ಪನ ಶೆಡ್ಡಿನಲ್ಲಿ ಯಾರಿಗೂ ಮಳೆಯ ಸದ್ದು ಕೇಳಿರಲಿಲ್ಲ, ಏಕೆಂದರೆ ಅಲ್ಲಿ ಹನ್ನೆರಡು ಪಾವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು. ಕರೆಂಟ್ ಹೋಗಿ ಹನ್ನೆರಡೂ ಮಗ್ಗ ಒಂದೇ ಸಲಕ್ಕೆ ನಿಂತಾಗಲೇ ತಗಡಿನ ಮೇಲೆ ಮಳೆ ಬಡಿಯುತ್ತಿರುವುದು ಅವರಿಗೆ ಗೊತ್ತಾದದ್ದು.

ಮಗ್ಗ ನಿಂತರೆ ನೇಕಾರನಿಗೆ ಒಂಥರಾ ಆಗುತ್ತದೆ. ಕಿವಿ ಗುಂಯ್ ಎನ್ನುತ್ತದೆ, ಮಾತು ತಾನಾಗಿ ಸಣ್ಣದಾಗುತ್ತದೆ. ನೇಯುವ ಬಾಳು, ಶೆಡ್ಡಿನ ಯಜಮಾನ ಮುರಗೆಪ್ಪ, ಇನ್ನಿಬ್ಬರು ಮೂವರು ಬಾಗಿಲ ಹತ್ತಿರ ನೂಲಿನ ಚೀಲಗಳ ಮೇಲೆ ಬಂದು ಕೂತರು. ಮೂಲೆಯ ಸ್ಟೂಲಿನ ಮೇಲೆ ಶಿವಯೋಗೆಪ್ಪ ಮುತ್ಯಾ ಮೊದಲೇ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ಮೂವತ್ತು ವರ್ಷ ಮಗ್ಗ ರಿಪೇರಿ ಮಾಡಿ, ಈಗ ಕೆಲಸವಿಲ್ಲದಿದ್ದರೂ ದಿನಾ ಬಂದು ಎರಡು ಕಪ್ ಚಹಾ ಕುಡಿದು, ನಾಲ್ಕು ಜನರನ್ನು ಬೈದು ಹೋಗುವವನು. ಮುರಗೆಪ್ಪ ಕಿವಿ ಉಜ್ಜಿಕೊಳ್ಳುತ್ತ, ಮಗ್ಗ ನಿಂತರೆ ಎಂಥಾ ಗದ್ದಲ ಮಾರಾಯ ಎಂದ. ಆ ಮಾತಿಗೆ ಉಳಿದವರು ನಕ್ಕರು. ಮುತ್ಯಾ ನಗಲಿಲ್ಲ.

"ನಗಬ್ಯಾಡ್ರಿ," ಎಂದ. "ಇದ ಒಂದು ಮಾತಿನಿಂದ ಒಂದು ಮನಿ ಹಾಳಾಗೇತಿ. ದೆವ್ವ ಕಾಣ್ತೇತಿ ಅನ್ನಾವರೆಲ್ಲಾ ಸುಳ್ಳು ಹೇಳ್ತಾರ. ದೆವ್ವ ಕಾಣಂಗಿಲ್ಲ... ಕೇಳಸ್ತೇತಿ. ಅದೂ ಎಲ್ಲಾ ಸದ್ದು ಸೋಸಿ ತಗದ ಮ್ಯಾಲೆ."

ಹಾಗೆ ಶುರುವಾದ ಕತೆ ಇದು. ಮುತ್ಯಾನ ಬಾಯಿಯ ಓಟ ಬರಹದ ಕೈಗೆ ಪೂರ್ತಿ ಸಿಗುವಂಥದ್ದಲ್ಲ. ಸಿಕ್ಕಷ್ಟನ್ನು ಇಲ್ಲಿ ಇಟ್ಟಿದೆ.

ರಬಕವಿಯಲ್ಲಿ ನೂಲಿನ ಅಂಗಡಿಯ ಮೇಲಿನ ಅಟ್ಟದಲ್ಲಿ ಹುಲೆಪ್ಪ ಎಂಬಾತ ಒಂದು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದ. ಎರಡು ಸಾವಿರದ ಎರಡನೇ ಇಸವಿಯ ಮಾತು. ನಾಲ್ಕೂ ಗೋಡೆಗೆ ಕೌದಿ ನೇತುಹಾಕಿ, ಕಿಟಕಿಗೆ ಹಾಸಿಗೆ ತುರುಕಿ, ನಡುವೆ ಒಂದು ಮೈಕು, ಒಂದು ಕಂಪ್ಯೂಟರ್ ಇಟ್ಟಿದ್ದ. ಭಜನೆಯವರು, ಬೀಸುವ ಪದ ಹಾಡುವ ಹೆಂಗಸರು ಬಂದು ಹಾಡಿ ಹೋಗುತ್ತಿದ್ದರು, ಇವನು ಅದನ್ನು ಕ್ಯಾಸೆಟ್ಟಿಗೂ ಸೀಡಿಗೂ ಹಾಕಿ ಮಾರುತ್ತಿದ್ದ. ಕಂಪ್ಯೂಟರ್ ತಂದದ್ದು ಹುಲೆಪ್ಪನಾದರೂ ಅದರ ವಿದ್ಯೆ ಒಲಿದದ್ದು ಅವನ ಕೆಲಸದ ಹುಡುಗಿ ರಾಜಶ್ರೀಗೆ. ಇಪ್ಪತ್ತೆರಡು ವರ್ಷದವಳು, ಹಿಡಿದರೆ ಬಿಡದವಳು. ಪರದೆಯ ಮೇಲೆ ಸದ್ದು ಗೆರೆಗೆರೆಯಾಗಿ ಮೂಡುವುದನ್ನು ಅವಳು ಹಗಲಿಡೀ ನೋಡಿ ನೋಡಿ, ಕೇಳದೆಯೇ ಇದು ತಾಳದ ಗೆರೆ, ಇದು ಕೆಮ್ಮಿದ ಗೆರೆ ಎಂದು ಹೇಳುವಷ್ಟು ಪಳಗಿದ್ದಳು.

ಅವಳ ಮನೆಯ ಸಂಗತಿ ಮೊದಲು ಹೇಳಬೇಕು. ಅದಿಲ್ಲದೆ ಕತೆಗೆ ಕಾಲಿಲ್ಲ.

ಬೀಳಗಿ ತಾಲೂಕಿನಲ್ಲಿ ಹೊಳೆಯ ದಂಡೆಗೆ ಅವರ ಊರಿತ್ತು. ಈಗ ಅದು ಡ್ಯಾಮಿನ ಹಿನ್ನೀರಿನ ಕೆಳಗಿದೆ. ಆ ಊರಿನವರು ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಹಳೇ ಊರು' ಎಂದಷ್ಟೇ ಅನ್ನುತ್ತಾರೆ. ರಾಜಶ್ರೀಯ ಅಪ್ಪ ಗುರುಸಿದ್ದ ಅಲ್ಲಿ ಕುಣಿಮಗ್ಗದ ನೇಕಾರ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು, ಕಾಲಲ್ಲಿ ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಆಡಿಸುತ್ತ ನೇಯುವ ಮಗ್ಗ ಅದು. ಅವನ ಎಡಗಾಲು ಗಿಡ್ಡ. ಬಲಗಾಲು ತುಳಿದರೆ ಪಟ್ಟನೆ ಬಡಿತ, ಎಡಗಾಲು ತುಳಿದರೆ ಒಂದು ಉಸಿರು ತಡ. ಒಂದು ಚುರುಕು, ಒಂದು ತಡ... ಒಂದು ಚುರುಕು, ಒಂದು ತಡ. ಬೀದಿಯಲ್ಲಿ ಹತ್ತು ಮಗ್ಗ ಆಡುತ್ತಿದ್ದರೂ ಇದು ಗುರುಸಿದ್ದನದು ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ನೀರು ಬರುತ್ತದೆಂದು ಊರು ಖಾಲಿಯಾದಾಗ ಗ್ರಾಮದೇವತೆಯನ್ನೂ ಹೊಸ ಜಾಗಕ್ಕೆ ಒಯ್ಯಬೇಕಾಯಿತು. ಆಕೆ ಹೊಸ ಸೀರೆ ಉಟ್ಟೇ ಊರು ಬಿಡಬೇಕೆಂದು ಹಿರಿಯರು ಹೇಳಿದರು. ಆ ಸೀರೆ ಗುರುಸಿದ್ದನ ಮಗ್ಗದ ಮೇಲಿತ್ತು, ಸೆರಗು ಬಾಕಿ. ಹೆಂಡತಿ ಇಂದ್ರವ್ವನನ್ನೂ ಮಗಳನ್ನೂ ಸಾಮಾನಿನ ಸಂಗಡ ಗಾಡಿ ಹತ್ತಿಸಿ, ಎರಡು ದಿನದಲ್ಲಿ ಸೀರೆ ತಗೊಂಡು ಬರುತ್ತೇನೆ ಎಂದ. ನೇಯ್ಗೆಯ ನಡುವೆ ಮಗ್ಗ ಬಿಟ್ಟು ಎದ್ದವನು ನೇಕಾರನೇ ಅಲ್ಲ ಎಂಬುದು ಅವನ ಹಟ. ಮೇಲೆ ಎಲ್ಲೋ ಮಳೆ ಜೋರಾಗಿ ನೀರು ಎಣಿಸಿದ್ದಕ್ಕಿಂತ ಮೊದಲೇ ಬಂತು. ಮೂರನೆಯ ದಿನ ದೋಣಿ ಹೋದಾಗ ಅವನ ಮನೆಯ ಮಾಳಿಗೆಯ ಅಂಚು ಅಷ್ಟೇ ಕಾಣುತ್ತಿತ್ತು. ಹೆಣ ಸಿಗಲಿಲ್ಲ.

ಸಿಕ್ಕಿದ್ದರೆ ಅತ್ತು ಮುಗಿಸುತ್ತಿದ್ದರು, ಅಲ್ಲವೇ? ಆದರೆ ತಿಂಗಳೊಪ್ಪತ್ತಿನಲ್ಲಿ ನೂಲಿನ ಲಾರಿಯ ವಿಠೋಬಾ ಬಂದು, ಗುರುಸಿದ್ದನನ್ನು ಇಚಲಕರಂಜಿಯ ಚಹಾದಂಗಡಿಯಲ್ಲಿ ಕಂಡೆ, ಕುಂಟುತ್ತಲೇ ಓಡಿಹೋದ ಎಂದುಬಿಟ್ಟ. ಅಷ್ಟೇ ಸಾಕಾಯಿತು. ಊರ ಬಾಯಿಗೆ ಅಗಸಿ ಬಾಗಿಲು ಹಾಕಿದವರುಂಟೇ? ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂಬಲ್ಲಿಗೆ ಸುದ್ದಿ ಬೆಳೆಯಿತು.

ಇಂದ್ರವ್ವ ರಬಕವಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಮಗಳೊಂದಿಗೆ ಉಳಿದಳು. ಹಣೆಯ ಕುಂಕುಮ ತೆಗೆಯಲಿಲ್ಲ. ದಿನಾ ಸಂಜೆ ಗಂಡನ ತಾಟಿನಲ್ಲಿ ಎರಡು ರೊಟ್ಟಿ, ಪಲ್ಯೆ ಹಾಕಿ ಮುಚ್ಚಿಡುತ್ತಿದ್ದಳು. ಗಂಡ ಉಂಡ ಮೇಲೆ ಉಣ್ಣುವುದು ಅವಳು ಕಲಿತ ರೂಢಿ. ಅವನು ಬರಲಿಲ್ಲವಾದ್ದರಿಂದ ಮರುದಿನ ಬೆಳಿಗ್ಗೆ ಆ ಒಣಗಿದ ರೊಟ್ಟಿಯನ್ನೇ ತಾನು ತಿನ್ನುತ್ತಿದ್ದಳು. ಬೇರೇನೂ ತಿನ್ನುತ್ತಿರಲಿಲ್ಲ. ಎರಡು ವರ್ಷದಲ್ಲಿ ಆಕೆಯ ಬಳೆ ಮೊಣಕೈವರೆಗೆ ಜಾರತೊಡಗಿದವು. ರಾಜಶ್ರೀಗೆ ಅಪ್ಪನ ಮೇಲಿನ ಸಿಟ್ಟು ಅಷ್ಟಿಷ್ಟಲ್ಲ. ಬದುಕಿದ್ದರೆ ಕೊರಳಪಟ್ಟಿ ಹಿಡಿದು ತಂದು ಅವ್ವನ ಮುಂದೆ ನಿಲ್ಲಿಸುತ್ತೇನೆ, ಸತ್ತಿದ್ದರೆ ಸತ್ತ ಎಂದು ಖಾತ್ರಿ ಮಾಡಿಕೊಡುತ್ತೇನೆ, ಹೇಗಾದರೂ ಅವ್ವ ಬಿಸಿ ರೊಟ್ಟಿ ತಿನ್ನಬೇಕು ಎಂದು ಅವಳು ಆಣೆ ಮಾಡಿಕೊಂಡಿದ್ದಳು.

ಇಂದ್ರವ್ವ ಬೀಸುವ ಪದ ಚೆನ್ನಾಗಿ ಹಾಡುತ್ತಿದ್ದಳು. ದಸರಾ ಹತ್ತಿರ ಬಂದಾಗ ಹುಲೆಪ್ಪ ಆಕೆಯ ಪದಗಳನ್ನು ಸೀಡಿ ಮಾಡೋಣ ಎಂದ. ಆಕೆ ಅಟ್ಟ ಹತ್ತಲಾರಳು, ಅದಕ್ಕೆ ರಾಜಶ್ರೀ ಮೈಕನ್ನೇ ಮನೆಗೆ ಒಯ್ದಳು. ಮನೆಯ ಮೂರೂ ಕಡೆ ಪಾವರ್‌ಲೂಮ್. ಹಾಡಿಗಿಂತ ಮಗ್ಗವೇ ಹೆಚ್ಚು ಕೇಳಿತು. ಹುಲೆಪ್ಪ ಹುಬ್ಬಳ್ಳಿಯ ಸ್ಟುಡಿಯೋದವನಿಗೆ ಫೋನು ಹಚ್ಚಿ ಉಪಾಯ ಕೇಳಿದ. ಅವನು ಹೇಳಿದ್ದು ಇಷ್ಟು: ಆ ಜಾಗದ ಸುಮ್ಮನಿರುವ ಹೊತ್ತನ್ನು ಒಂದು ನಿಮಿಷ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ತೋರಿಸಿ. ಅದು ಆ ಸದ್ದನ್ನು ಗುರುತು ಹಿಡಿದುಕೊಂಡು, ಹಾಡಿನ ಕೆಳಗೆ ಎಲ್ಲೆಲ್ಲಿ ಅದಿದೆಯೋ ಅಲ್ಲೆಲ್ಲ ಸೋಸಿ ತೆಗೆಯುತ್ತದೆ.

ಅವನು ಹೇಳಿದ್ದು ಮಗ್ಗ ನಿಂತಾಗಿನ ಸುಮ್ಮನೆ. ಫ್ಯಾನಿನ ಸದ್ದು, ಗಾಳಿಯ ಸದ್ದು, ಅಂಥವು. ಆದರೆ ರಬಕವಿಯಲ್ಲಿ ಹುಟ್ಟಿದ ಹುಲೆಪ್ಪನಿಗೂ ನೇಕಾರನ ಮಗಳಿಗೂ ಸುಮ್ಮನೆ ಎಂದರೆ ಏನು? ಯಾರೂ ಮಾತಾಡದೆ, ಮಗ್ಗಗಳು ತಮ್ಮಷ್ಟಕ್ಕೆ ತಾವು ಓಡುತ್ತಿರುವ ಹೊತ್ತು! ರಾಜಶ್ರೀ ನೇರವಾಗಿ ಪಕ್ಕದ ಶೆಡ್ಡಿಗೆ ಹೋಗಿ, ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಚಿರಿ ಎಂದು ಹೇಳಿ, ನಲವತ್ತು ಮಗ್ಗ ಓಡುತ್ತಿರುವ ಸದ್ದನ್ನು ಸುಮ್ಮನೆ ಎಂದು ತುಂಬಿಕೊಂಡು ಬಂದಳು. ಇಂಥ ತಪ್ಪು ನಮ್ಮೂರಿನವರಲ್ಲದೆ ಇನ್ನಾರು ಮಾಡಿಯಾರು?

ಕಂಪ್ಯೂಟರ್ ಹೇಳಿದ ಮಾತು ಕೇಳುವ ಪ್ರಾಣಿ. ನಲವತ್ತು ಮಗ್ಗವನ್ನು ಹಾಡಿನಿಂದ ಸೋಸಿ ತೆಗೆಯಿತು. ಇಂದ್ರವ್ವನ ದನಿ ಸ್ವಲ್ಪ ಸವೆದರೂ ಒಂಟಿಯಾಗಿ, ಚೊಕ್ಕವಾಗಿ ಉಳಿಯಿತು. ಹುಲೆಪ್ಪ ಹಿಗ್ಗಿದ. ರಾಜಶ್ರೀ ಮಾತ್ರ ಹೆಡ್‌ಫೋನ್ ತೆಗೆಯದೆ ಕೂತಿದ್ದಳು.

ದನಿಯ ಕೆಳಗೆ ಇನ್ನೂ ಒಂದು ಮಗ್ಗ ಆಡುತ್ತಿತ್ತು.

ಪಾವರ್‌ಲೂಮ್ ಅಲ್ಲ, ಕೈಯ ಮಗ್ಗ. ಅವಳು ದನಿಯನ್ನು ತಗ್ಗಿಸಿ, ಪರದೆಯ ಮೇಲಿನ ಗೆರೆಯನ್ನು ಹಿಗ್ಗಿಸಿದಳು. ಬಡಿತಗಳು ಸಾಲಾಗಿ ನಿಂತಿದ್ದವು. ಒಂದು ಹತ್ತಿರ, ಒಂದು ದೂರ, ಒಂದು ಹತ್ತಿರ, ಒಂದು ದೂರ. ಒಂದು ಚುರುಕು, ಒಂದು ತಡ... ಹಾಡು ಮುಗಿಯುವವರೆಗೂ ಹಾಗೇ ಇತ್ತು.

ಮುತ್ಯಾ ಇಲ್ಲಿ ನಿಲ್ಲಿಸಿ ಬೀಡಿ ಹಚ್ಚಿದ. ಬಾಳು ಚೀಲದ ಮೇಲಿಂದ ಜರುಗಿ ಬಂದು ಹತ್ತಿರ ಕೂತ. "ಹೆದರಿದ್ಲು ಅಂತ ತಿಳಿದ್ರೇನು?" ಎಂದ ಮುತ್ಯಾ. "ಸಿಟ್ಟಾದ್ಲು. ಇಲ್ಲೇ ಬಾಜೂಕ ಅಡಗಿ ಕುಂತು ನೇಯಾಕತ್ಯಾನ, ನಮ್ಮವ್ವ ಅಲ್ಲಿ ಒಣಾ ರೊಟ್ಟಿ ತಿನ್ನಾಕತ್ಯಾಳ ಅಂತ. ಅಕಿ ಹಂತಾಕಿ."

ಅವಳು ಓಣಿ ಓಣಿ ತಿರುಗಿದಳು. ಆ ಕೇರಿಯ ಕೊನೆಯ ಕುಣಿಮಗ್ಗಕ್ಕೆ ಮಣ್ಣು ಮುಚ್ಚಿ ಆರು ವರ್ಷವಾಗಿದೆ ಎಂದು ಎಲ್ಲರೂ ಹೇಳಿದರು. ಕೈಯಲ್ಲಿ ಹಿಡಿಯುವ ಸಣ್ಣ ಟೇಪು ತಗೊಂಡು ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ, ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ, ಬನಹಟ್ಟಿಯ ಶೆಡ್ಡುಗಳಲ್ಲಿ ತುಂಬಿಕೊಂಡು ಬಂದು ಸೋಸಿ ನೋಡಿದಳು. ಎಲ್ಲಿಯೂ ಏನೂ ಇಲ್ಲ. ಅವ್ವನನ್ನು ಸಂಗಡ ಕರೆದೊಯ್ದು ಅದೇ ಜಾಗಗಳಲ್ಲಿ ಮತ್ತೆ ತುಂಬಿಕೊಂಡಳು. ಎಲ್ಲ ಕಡೆಯೂ ಇತ್ತು! ಅವ್ವ ಕೂತಲ್ಲಿ ಮಗ್ಗ.

ಆಗಲೂ ಅವಳು ಬಿಡಲಿಲ್ಲ. ಬಸ್ ಹತ್ತಿ ಇಚಲಕರಂಜಿಗೆ ಹೋಗಿ, ವಿಠೋಬಾನನ್ನು ಹುಡುಕಿ, ಅಪ್ಪನನ್ನು ಕಂಡ ಚಹಾದಂಗಡಿ ತೋರಿಸು ಎಂದು ಪಟ್ಟು ಹಿಡಿದಳು. ವಿಠೋಬಾ ಮುಖ ತಗ್ಗಿಸಿದ. ತಾನು ಯಾರನ್ನೂ ಕಂಡಿಲ್ಲ, ನಿಮ್ಮವ್ವನ ಹಣೆ ಬರಿದಾಗುವುದನ್ನು ನೋಡಲಾಗದೆ ಹಾಗೆ ಹೇಳಿದೆ ಎಂದು ಒಪ್ಪಿಕೊಂಡ. ಒಳ್ಳೇದು ಮಾಡಲು ಹೋಗಿ ಒಬ್ಬ ಹೆಂಗಸನ್ನು ಎರಡು ವರ್ಷ ಉಪವಾಸ ಕೆಡವಿದ್ದ ಪುಣ್ಯಾತ್ಮ. ವಾಪಸು ಬರುವ ಬಸ್ಸಿನಲ್ಲಿ ರಾಜಶ್ರೀ ಮೊದಲ ಸಲ ಅಪ್ಪನಿಗಾಗಿ ಅತ್ತಳು.

ಮರುದಿನದಿಂದ ಅವಳು ಆ ಸದ್ದನ್ನು ಅಳೆಯತೊಡಗಿದಳು. ಕಂಪ್ಯೂಟರನ್ನೇ ಮನೆಗೆ ತಂದು, ಅವ್ವನ ಮಗ್ಗುಲಲ್ಲಿ ಮೈಕಿಟ್ಟು, ಬೆಳಗಿನಿಂದ ಸಂಜೆವರೆಗೆ ತುಂಬಿಕೊಂಡು ಸೋಸಿದಳು. ಮಗ್ಗ ಹೊತ್ತು ಮೂಡಿದ ಮೇಲೆ ಶುರುವಾಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಬಿಡುವು. ಅಮಾವಾಸ್ಯೆ ನೇಕಾರರ ಸೂಟಿ, ಅಂದು ಸದ್ದೇ ಇಲ್ಲ. ಪ್ರತಿ ಸಂಜೆ ಬೆಳಕು ಹೋಗುವ ಮುನ್ನ ಕಟ್ಟಿಗೆಗೆ ಕಟ್ಟಿಗೆ ತಾಗಿದಂತೆ ಮೂರು ಬಡಿತ ಕೇಳಿ ನಿಂತುಹೋಗುತ್ತಿತ್ತು. ಮೂರು ಬಡಿತ ಏಕೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಕೊನೆಗೆ ಅವ್ವನನ್ನು ಕೂರಿಸಿ, ಹೆಡ್‌ಫೋನನ್ನು ಆಕೆಯ ಕಿವಿಗೆ ಇಟ್ಟಳು.

ಇಂದ್ರವ್ವ ಕೇಳುತ್ತ ಕೇಳುತ್ತ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಗಂಡ ಮನೆಯೊಳಗೆ ಬಂದಾಗ ಹೆಂಗಸರು ಹೊದೆಯುವ ಹಾಗೆ. ಅಳಲಿಲ್ಲ. ಮೆಲ್ಲಗೆ ಹೇಳಿದಳು:

"ಹಿರ್ಯಾರ ಮುಂದ ನನ್ನ ಹೆಸರ ಹಿಡದ ಕರೀತಿದ್ದಿಲ್ಲ ಅವರು. ಲಾಳಿಲೆ ಮಗ್ಗದ ಕಟ್ಟಿಗಿಗೆ ಬಡೀತಿದ್ರು. ಒಂದ ಬಡದ್ರ ಲಾಳ್ಯಾಗಿನ ನೂಲ ತೀರೇತಿ, ಹೊಸಾ ಕಂಡಿಕಿಗೆ ನೂಲ ಸುತ್ತಿ ಕೊಡ್ರಿ ಅಂತ. ಅದು ನಿನ್ನ ಕೆಲಸ ಇತ್ತು. ಮೂರ ಬಡದ್ರ ಸೀರಿ ಮುಗದೈತಿ, ಕೊಯ್ಯಾಕ ಬಾ ಅಂತ. ನೇಯ್ದ ಕೈ ಕೊಯ್ಯಬಾರದು, ಮನಿ ಹೆಣ್ಮಗಳ ಕೊಯ್ಯಬೇಕು. ಎರಡ ವರ್ಷ ಆತು ರಾಜೀ, ದಿನಾ ಕರ್ಯಾಕತ್ಯಾರ."

ಅಷ್ಟು ಹೇಳಿ ಇಂದ್ರವ್ವ ಮುಂದಿದ್ದ ಮೈಕಿನ ಕಡೆ ಬಾಗಿ, ಒಳಮನೆಯಿಂದ ಓಗೊಡುವವಳ ಹಾಗೆ ಅಂದಳು:

"ಬಂದೆರೀ."

ಆ ಸಂಜೆಯಿಂದ ಮಗ್ಗದ ಸದ್ದು ನಿಂತಿತು. ರಾಜಶ್ರೀ ಒಂದು ದಿನ, ಎರಡು ದಿನ, ಎಂಟು ದಿನ ಸೋಸಿ ನೋಡಿದಳು. ಬಡಿತವಿಲ್ಲ, ತುಳಿತವಿಲ್ಲ. ಬರುತ್ತೇನೆ ಎಂದವಳಿಗಾಗಿ ಅಲ್ಲಿ ಯಾರೋ ಕೈ ಕಟ್ಟಿ ಕೂತಿದ್ದರು... ಅವಳಿಗೆ ಆಗ ನಿಜವಾದ ಭಯ ಹುಟ್ಟಿತು. ಭಯ ಸತ್ತವನದಲ್ಲ, ಇದ್ದವಳದು.

ಏಕೆಂದರೆ ಇಂದ್ರವ್ವ ಸಂಜೆಯಾದರೆ ಎದ್ದು ಹೊರಡುತ್ತಿದ್ದಳು. ಒಂದು ದಿನ ಆಕೆ ರಬಕವಿಯ ಹೊಳೆಯಲ್ಲಿ ಮೊಳಕಾಲುದ್ದ ನೀರಿನಲ್ಲಿ ನಿಂತಿರುವುದನ್ನು ಬಟ್ಟೆ ಒಗೆಯುವವರು ಕಂಡು ಕೂಗಿದರು. ಸೊಂಟದಲ್ಲಿ ಕತ್ತರಿ ಸಿಗಿಸಿಕೊಂಡಿದ್ದಳು. ಇದೇ ಕೃಷ್ಣೆಯಲ್ಲವೇ ಮುಂದೆ ಹೋಗಿ ಹಳೇ ಊರಿನ ಮೇಲೆ ನಿಂತಿರುವುದು? ರಾಜಶ್ರೀ ಓಡಿಹೋಗಿ ಅವ್ವನನ್ನು ಎತ್ತಿಕೊಂಡೇ ದಂಡೆಗೆ ತಂದಳು. ಅಲ್ಲೇ ಕೆಸರಿನಲ್ಲಿ ಕೂತು ಹೇಳಿದಳು, "ನೀರಾಗ ಹಾಯ್ದ ಹೋಗೂದು ಬ್ಯಾಡ ಯವ್ವಾ. ಬ್ಯಾಸಿಗ್ಯಾಗ ನೀರ ಇಳೀತೇತಿ. ನಾನ ಕರಕೊಂಡ ಹೊಕ್ಕೇನಿ. ಅಲ್ಲೀಮಟ ಬಿಸಿ ರೊಟ್ಟಿ ತಿನ್ನಬೇಕು." ಇಂದ್ರವ್ವ ಹೋಗುವುದಕ್ಕೆ ಒಪ್ಪಿದಳು, ರೊಟ್ಟಿಗೆ ಒಪ್ಪಲಿಲ್ಲ.

ರಾಜಶ್ರೀ ಇನ್ನೂ ಒಂದು ಮಾತಿಗೆ ಅವ್ವನನ್ನು ಕಟ್ಟಿಹಾಕಲು ನೋಡಿದಳು. ಸೀರೆ ಕೊಯ್ದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮಗ್ಗದಲ್ಲಿ ಉಳಿದ ಹಳೇ ಎಳೆಗಳ ತುದಿಗೆ ಹೊಸ ಹಾಸಿನ, ಅಂದರೆ ಮುಂದಿನ ಸೀರೆಗೆಂದು ಉದ್ದಕ್ಕೆ ಹಾಸಿದ ನೂಲಿನ, ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತಾರೆ. ಜಾರಬಾರದೆಂದು ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಸಾವಿರಗಟ್ಟಲೆ ಎಳೆ ಕೆಚ್ಚುವುದು ಹೆಂಗಸಿನ ಕೆಲಸ. ಮಗ್ಗವನ್ನು ಬರಿದು ಬಿಟ್ಟು ಏಳಬಾರದು ಎಂಬುದು ನೇಕಾರರ ಮಾತು. ಕೆಚ್ಚಲು ಕೂತರೆ ಅವ್ವ ಅಲ್ಲಿಂದ ಏಳುವುದಿಲ್ಲವೆಂದು ಅಂಜಿ ರಾಜಶ್ರೀ, ಕೊಯ್ದು ಬಾ, ಕೆಚ್ಚಬೇಡ, ನನ್ನ ಆಣೆ ಎಂದಳು. ಇಂದ್ರವ್ವ ತಲೆ ಆಡಿಸಿದಳು. ಹೌದೆಂದು ಆಡಿಸಿದಳೋ ಇಲ್ಲವೆಂದು ಆಡಿಸಿದಳೋ, ನೋಡಿದವರಿಗೆ ತಿಳಿಯಲಿಲ್ಲ.

ಮೇ ತಿಂಗಳಲ್ಲಿ ಹಿನ್ನೀರು ಇಳಿಯಿತು. ಒಂದು ಟೆಂಪೋ ಮಾಡಿಕೊಂಡು ಮೂವರು ಹೋದರು: ಇಂದ್ರವ್ವ, ರಾಜಶ್ರೀ, ದಾರಿ ಬಲ್ಲವನೆಂದು ಇದೇ ಶಿವಯೋಗೆಪ್ಪ ಮುತ್ಯಾ. ಅವನೂ ಹಳೇ ಊರಿನವನೇ. ಕಣ್ಣು ಹಾಯಿಸಿದಷ್ಟೂ ಬಿರುಕು ಬಿಟ್ಟ ಮಣ್ಣು, ಅಲ್ಲಲ್ಲಿ ಮೊಣಕಾಲೆತ್ತರದ ಗೋಡೆ, ಸಿಂಪಿನ ಚೂರು. ಬೀದಿ ಯಾವುದು, ಹಿತ್ತಲು ಯಾವುದು, ಶಿವಯೋಗೆಪ್ಪನಿಗೇ ಗುರುತು ಸಿಗಲಿಲ್ಲ. ಇಂದ್ರವ್ವ ಮಾತ್ರ ಮಾರುಕಟ್ಟೆಯಿಂದ ಮನೆಗೆ ಬಂದವಳ ಹಾಗೆ ಎರಡು ಓಣಿ ತಿರುಗಿ, ಹೊಸ್ತಿಲಿದ್ದ ಕಡೆ ಚಪ್ಪಲಿ ಬಿಟ್ಟು ಒಳಗೆ ನಡೆದಳು.

ಕುಣಿ ಹೂಳು ತುಂಬಿ ನೆಲಕ್ಕೆ ಸಮವಾಗಿತ್ತು. ಮಗ್ಗವೆಲ್ಲಿಂದ ಬರಬೇಕು? ಇಂದ್ರವ್ವ ಅದರ ಬಲಮಗ್ಗುಲಿಗೆ ಕೂತು, ಸೆರಗು ಹೊದ್ದು, ಕತ್ತರಿ ತೆಗೆದು, ಗಾಳಿಯಲ್ಲಿ ಒಂದು ಸಲ ಆಡಿಸಿದಳು. ಒಂದೇ ಸಲ. ಆಮೇಲೆ ಕತ್ತರಿ ನೆಲಕ್ಕಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತು. ರಾಜಶ್ರೀ ಕೈಯ ಟೇಪನ್ನು ಚಾಲೂ ಮಾಡಿ ಹಿಡಿದುಕೊಂಡೇ ಇದ್ದಳು. ಯಾರ ಕಣ್ಣಿಗೂ ಏನೂ ಬೀಳಲಿಲ್ಲ, ಬಿಸಿಲೊಂದೇ ಬೀಳುತ್ತಿತ್ತು.

ಮನೆಗೆ ಬಂದ ಸಂಜೆ ಇಂದ್ರವ್ವ ಹಣೆಯ ಕುಂಕುಮವನ್ನು ತಾನೇ ಒರೆಸಿಕೊಂಡಳು. ಒಂದೇ ತಾಟು ಹಾಕಿಕೊಂಡು ಮಗಳ ಮಗ್ಗುಲಿಗೆ ಕೂತು, ಕಾವಲಿಯಿಂದ ಇಳಿದ ಬಿಸಿ ರೊಟ್ಟಿ ಮೂರು ತಿಂದಳು. ರಾಜಶ್ರೀ ಬಡಿಸುತ್ತ ಬಡಿಸುತ್ತ ಅತ್ತುಬಿಟ್ಟಳು. ಗೆದ್ದೆ ಎಂದುಕೊಂಡಳು ಪಾಪ. ನಾಲ್ಕು ದಿನ ತಾಯಿ ಮಗಳು ನಗುನಗುತ್ತ ಇದ್ದರು. ಟೇಪನ್ನು ಕೇಳುವ ಗೋಜಿಗೇ ಅವಳು ಹೋಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಇಂದ್ರವ್ವ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ಬಲಗೈಯ ಹೆಬ್ಬೆರಳು, ತೋರುಬೆರಳಿಗೆ ಬೂದಿ ಮೆತ್ತಿತ್ತು. ಬಂದವರೆಲ್ಲ ವಿಭೂತಿ, ಶಿವನ ಹೆಸರು ಹೇಳುತ್ತಲೇ ಹೋಗಿದ್ದಾಳೆ ಪುಣ್ಯವಂತೆ ಎಂದು ಕೈ ಮುಗಿದರು. ರಾಜಶ್ರೀ ಆ ಬೆರಳನ್ನು ಮೂಸಿ ನೋಡಿದಳು. ವಿಭೂತಿಯ ವಾಸನೆಯಲ್ಲ, ಕಟ್ಟಿಗೆ ಒಲೆಯ ಬೂದಿ. ಆ ಖೋಲಿಯಲ್ಲಿ ಇದ್ದದ್ದು ಸೀಮೆಎಣ್ಣೆ ಸ್ಟೋವ್.

ಮೂರನೆಯ ದಿನದ ಕೆಲಸ ಮುಗಿಸಿ ಅವಳು ಟೇಪಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಹಾಕಿ ಸೋಸಿದಳು. ಗಾಳಿಯಲ್ಲಿ ಒಂದು ಸಲ ಆಡಿದ ಕತ್ತರಿ ಅಲ್ಲಿ ಒಂದು ಸಲ ಆಡಿರಲಿಲ್ಲ. ಬಿಗಿ ಬಟ್ಟೆಯನ್ನು ಒಂದಂಚಿನಿಂದ ಇನ್ನೊಂದಂಚಿನವರೆಗೆ ಕೊಯ್ಯುವಾಗ ಆಗುವ ಕರ್... ಕರ್... ಎಂಬ ಉದ್ದನೆಯ ಸದ್ದು. ಅದಾದ ಮೇಲೆ ಬಲು ಸಣ್ಣ ಸದ್ದೊಂದು. ಬೆರಳಿಗೆ ಬೆರಳು ತಿಕ್ಕುವ ಸದ್ದು. ಒಂದು ಎಳೆ, ಇನ್ನೊಂದು ಎಳೆ, ಮತ್ತೊಂದು ಎಳೆ... ಇಂದ್ರವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಷ್ಟೂ ಹೊತ್ತು ಆ ಸದ್ದು ಇತ್ತು. ಆಕೆ ಅಲ್ಲಿಯೇ ಕೆಚ್ಚಲು ಶುರು ಮಾಡಿದ್ದಳು. ಉಳಿದ ಎಳೆಗಳನ್ನು ಮುಗಿಸಲು ಹೋಗಿದ್ದಳು.

ರಾಜಶ್ರೀ ಅದೇ ಕ್ಷಣ ಖಾಲಿ ಮನೆಯಲ್ಲಿ ಮೈಕಿಟ್ಟು ಹೊಸದಾಗಿ ತುಂಬಿಕೊಂಡು ಸೋಸಿದಳು. ಅವ್ವನ ಹಿಂದೆ ತಿರುಗುತ್ತಿದ್ದ ಮಗ್ಗ ಈಗ ಮಗಳ ಹಿಂದೆ ಬಂದಿತ್ತು. ಹೊಸ ಹಾಸಿನ ಮೇಲೆ ಉತ್ಸಾಹದಿಂದ ಆಡುತ್ತಿತ್ತು, ಒಂದು ಚುರುಕು, ಒಂದು ತಡ. ನಡುವೆ ಒಮ್ಮೆ ನಿಂತಿತು.

ಒಂದು ಬಡಿತ. ಒಂದೇ.

ಕಂಡಿಕೆಗೆ ಕರೆ. ಅವಳ ಕೆಲಸ.

ಹನ್ನೆರಡು ವರ್ಷದವಳಿದ್ದಾಗ ಆ ಬಡಿತಕ್ಕೆ ಎದ್ದು ಓಡುತ್ತಿದ್ದ ಕಾಲುಗಳು ತಾವಾಗಿಯೇ ಎದ್ದವಂತೆ. ಅವಳು ಎರಡೂ ಕೈಯಿಂದ ಮೇಜು ಹಿಡಿದು ಕೂತಳು. ಬಾಯಿಗೆ ಬಂದ ಓಗೊಡುವ ಮಾತನ್ನು ನುಂಗಿಕೊಂಡು, ಮೈಕಿಗೆ ಬಾಯಿ ಹತ್ತಿರ ತಂದು ಒಂದೊಂದೇ ಮಾತನ್ನು ಬಿಡಿಬಿಡಿಸಿ ಹೇಳಿದಳು: "ಅಪ್ಪಾ, ನಾ ಬರಂಗಿಲ್ಲ. ಅವ್ವನ್ನ ಕೊಟ್ಟೇನಿ, ಸಾಕು. ನಿನ್ನ ಕಂಡಿಕಿ ನೀನ ಸುತ್ತಿಗೋ."

ಮಾತಿಗೆ ತಪ್ಪಲಿಲ್ಲ. ಹುಲೆಪ್ಪ ಕೈಬಿಟ್ಟ ಮೇಲೆ ಆ ಕೋಣೆಯನ್ನು ಅವಳೇ ನಡೆಸಿದಳು, ಮುಂದೆ ಜಮಖಂಡಿಗೆ ಒಯ್ದು ದೊಡ್ಡದು ಮಾಡಿದಳು, ಮದುವೆಯಾಯಿತು. ಆದರೆ ಒಂದು ಕೆಲಸ ಮಾತ್ರ ಅವಳು ಮಾಡುವುದಿಲ್ಲ, ಸದ್ದು ಸೋಸುವುದಿಲ್ಲ. ಅವಳು ತುಂಬಿಕೊಂಡ ಹಾಡು ಯಾವುದೇ ಇರಲಿ, ಕೆಳಗೆ ಗಾಳಿಯೋ ಫ್ಯಾನೋ ಮಗ್ಗವೋ ಇದ್ದೇ ಇರುತ್ತದೆ. ಗಿರಾಕಿಗಳು ಗೊಣಗುತ್ತಾರೆ. ಬೇರೆ ಕಡೆ ಹೋಗಿರಿ ಎಂದು ಅವಳು ನೆಟ್ಟಗೆ ಹೇಳುತ್ತಾಳೆ. ಆ ಗದ್ದಲದ ಹಿಂದೆ ನಿಂತು ಹದಿಮೂರು ವರ್ಷ ಬದುಕಿದ್ದಾಳೆ.

ಕತೆ ಮುಗಿಯಿತೆಂದು ಮುರಗೆಪ್ಪ ಉಸಿರುಬಿಟ್ಟ. ಛಲೋ ಆತಲ್ಲ ಮುತ್ಯಾ, ಹುಡುಗಿ ಉಳಿದಳು, ಸೋಸುವವರಿಲ್ಲದಿದ್ದರೆ ದೆವ್ವಕ್ಕೆ ಬಾಯಿಲ್ಲ ಎಂದ. ಮಳೆ ಸ್ವಲ್ಪ ತಗ್ಗಿತ್ತು. ಮುತ್ಯಾ ಆರಿದ ಬೀಡಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ.

"ಅಕೀ ಹುಟ್ಟೂಕಿಂತ ಮೊದಲ ಗುರುಸಿದ್ದಗ ಕಂಡಿಕಿ ಸುತ್ತಿ ಕೊಡತಿದ್ದಾಂವ ಯಾರು, ಹೇಳ್ರಿ ನೋಡೂಣು?" ಎಂದ ಕೊನೆಗೆ. "ನಾನ. ಅಂವ ನನ್ನ ವಾರಿಗಿಯಾಂವ. ಲಗ್ನಾಗೂಮಟಾ ಅವನ ಮಗ್ಗದ ಬಾಜೂಕ ನಾನ ಕುಂದರತಿದ್ನಿ."

ಹೋದ ವಾರ ಮುತ್ಯಾನ ಮಗಳು ಅಂಜನಾ ಮಹಾಲಿಂಗಪುರದಿಂದ ಫೋನ್ ಮಾಡಿದ್ದಳು. ಪಂಚಮಿಗೆ ಹೊಸ ಫೋನು ಕೊಡಿಸಿದ್ದಳು ಅಪ್ಪನಿಗೆ. ಅವನು ಇದೇ ಸ್ಟೂಲಿನ ಮೇಲೆ ಕೂತಿದ್ದ, ಹನ್ನೆರಡೂ ಮಗ್ಗ ಓಡುತ್ತಿದ್ದವು. ಆದರೂ ಅಂಜನಾ, ನೀನು ಶೆಡ್ಡಿನಲ್ಲಿ ಇಲ್ಲೇನು, ಒಂದು ಮಗ್ಗದ ಸದ್ದೂ ಇಲ್ಲ ಎಂದಳಂತೆ. ಈಗಿನ ಫೋನುಗಳು ಸುತ್ತಲಿನ ಗದ್ದಲವನ್ನು ತಾವೇ ಸೋಸಿಬಿಡುತ್ತವೆ ಎಂಬುದು ಮುತ್ಯಾನಿಗೇನು ಗೊತ್ತು? ನಿನ್ನ ಹಿಂದೆ ಯಾರೋ ಕಟ್ಟಿಗೆ ಬಡಿದರಲ್ಲ ಅಪ್ಪಾ, ಒಂದೇ ಸಲ ಬಡಿದು ಸುಮ್ಮನಾದರು ಎಂದಳಂತೆ. ಇವನಿಗೆ ಈ ಗದ್ದಲದಲ್ಲಿ ಆ ಮಾತು ಆಗ ಸರಿಯಾಗಿ ಕೇಳಲಿಲ್ಲ, ಮರುದಿನ ಅವಳೇ ಮತ್ತೆ ಹೇಳಿದಾಗ ತಿಳಿದದ್ದು. ಮನೆಗೆ ಊಟಕ್ಕೆ ಯಾವಾಗ ಬರುತ್ತೀ ಎಂದು ಕೇಳುತ್ತಿದ್ದಾಳೆ ಎಂದುಕೊಂಡ.

"ಏನಂದ್ಯೋ ಮುತ್ಯಾ?" ಎಂದ ಬಾಳು.

"ಏನಂತೀವಪಾ ನಾವು ಫೋನಿನ್ಯಾಗ... 'ಬಂದೆ, ಬಂದೆ' ಅಂದ್ನಿ."

ಮುತ್ಯಾ ಬೀಡಿಯನ್ನು ನೆಲಕ್ಕೆ ಹಾಕಿ ತುಳಿದ.

"ನಿನ್ನೆ ಜಮಖಂಡಿಗೆ ಹೋಗಿದ್ನಿ. ರಾಜಶ್ರೀ ಹದಿಮೂರ ವರ್ಷದ ಮ್ಯಾಲೆ ಒಮ್ಮೆ, ನನ್ನ ಸಲುವಾಗಿ, ನನ್ನ ಮುಂದ ಮೈಕ್ ಇಟ್ಟು ಸೋಸಿ ನೋಡಿದ್ಲು. ಕಿವಿಗೆ ಹಚ್ಚಿದ್ದು ತಗದು, ನನ್ನ ಕೈ ಹಿಡಕೊಂಡು ಅಂದ್ಲು... 'ಮಗ್ಗ ನಿಂತೇತಿ, ಕಾಕಾ. ಅವ್ವ ಓಗೊಟ್ಟಾಗ ನಿಂತಂಗ. ಏನೂ ಕೇಳವಲ್ದು.'"